ಬಿಸಿಯಾದಾಗ ಮಾತ್ರ ನಿಲ್ಲುವ ಕಾರು: ಕ್ರ್ಯಾಂಕ್ ಸೆನ್ಸರ್ ಮನೆಯಲ್ಲೇ ಬದಲಿಸಿದ ಕಥೆ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಆಫೀಸ್ ಬಸ್ಸಲ್ಲಿ ಕೂತು ಓದ್ತೀವಿ ಅನ್ನೋರಿಗಾಗಿ ಈ ಬರಹ. ವಿಡಿಯೋದಲ್ಲಿ ಹೇಳಿದ್ದನ್ನೇ ಸ್ವಲ್ಪ ತಿದ್ದಿ ಬರೆದಿದ್ದೀನಿ. ಅಲ್ಲಿ ಗಡಿಬಿಡಿಯಲ್ಲಿ ಬಿಟ್ಟುಹೋದ ಒಂದೆರಡು ರೀಡಿಂಗ್‌ಗಳನ್ನೂ ಇಲ್ಲಿ ಸೇರಿಸಿದ್ದೀನಿ.

ಕಳೆದ ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ಹೊರಟಿದ್ವಿ. ನಾನು, ಹೆಂಡತಿ, ನಾಲ್ಕು ವರ್ಷದ ಮಗಳು, ಜೊತೆಗೆ ಎರಡು ತಿಂಗಳು ನಮ್ಮ ಹತ್ರ ಇದ್ದು ಊರಿಗೆ ವಾಪಸ್ ಹೊರಟಿದ್ದ ಅವ್ವ. ಕಾರು ಎಂಟು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸರ್ವಿಸ್ ಒಂದೂ ತಪ್ಪಿಸಿರಲಿಲ್ಲ. ಖಂಬಾಟಕಿ ಘಾಟ್ ಹತ್ತುವಾಗ, ಎರಡನೇ ಗೇರಿನಲ್ಲಿ, ಎಂಜಿನ್ ಆಫ್ ಆಯ್ತು. ಕೆಮ್ಮಲಿಲ್ಲ, ಜರ್ಕ್ ಹೊಡೀಲಿಲ್ಲ. ಯಾರೋ ಸ್ವಿಚ್ ಆರಿಸಿದ ಹಾಗೆ ಸುಮ್ಮನಾಯ್ತು. ಸ್ಟೀರಿಂಗ್ ಕಲ್ಲಿನ ಹಾಗೆ ಗಟ್ಟಿ, ಹಿಂದೆ ಹಾರ್ನ್ ಹೊಡೀತಿರೋ ಟ್ರಕ್ಕು, ಸಂಜೆ ಕತ್ತಲಾಗ್ತಿದೆ.

ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ, ಯಾಕಂದ್ರೆ ಇದು ಜೀವದ ವಿಷಯ. ಓಡುವಾಗ ಎಂಜಿನ್ ನಿಂತ್ರೆ ಬ್ರೇಕ್ ತಕ್ಷಣ ಹೋಗಲ್ಲ. ಬ್ರೇಕ್ ಬೂಸ್ಟರ್ ಒಳಗೆ ಒಂದೆರಡು ಸಲ ಒತ್ತುವಷ್ಟು ವ್ಯಾಕ್ಯೂಮ್ ಉಳಿದಿರುತ್ತೆ. ಆದ್ದರಿಂದ ಪೆಡಲನ್ನ ಪಂಪ್ ಮಾಡಬಾರದು. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು, ಗಾಡೀನ ಎಡಕ್ಕೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಹಜಾರ್ಡ್ ಲೈಟ್ ಹಾಕಬೇಕು. ಕೀ ಪೂರ್ತಿ ತೆಗೆದ್ರೆ ಸ್ಟೀರಿಂಗ್ ಲಾಕ್ ಆಗುತ್ತೆ, ಅದನ್ನೂ ಮಾಡಬೇಡಿ. ನಾನು ಆವತ್ತು ಮೂರು ಸಲ ಪಂಪ್ ಮಾಡಿದ್ದೆ. ಏರು ಇದ್ದಿದ್ದಕ್ಕೆ ಬಚಾವು. ಇಳಿಜಾರಾಗಿದ್ರೆ ಏನಾಗ್ತಿತ್ತೋ, ಯೋಚನೆ ಮಾಡೋಕೂ ಇಷ್ಟ ಇಲ್ಲ.

ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದ್ರೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಯ್ತು. ಕರಾಡ್ ದಾಟಿದ ಮೇಲೆ ಮತ್ತೆ ಅದೇ ಕಥೆ. ಸಂಕೇಶ್ವರದ ಹತ್ರ ಮೂರನೇ ಸಲ. ಅಲ್ಲಿ ಅವ್ವ ಅಂದ್ಲು: "ಸಿಟ್ಟಿಗೇಳಬ್ಯಾಡೋ. ಚಾ ಕುಡದ ಬರೂಣು. ನಾವು ಚಾ ಕುಡದ್ರ ಅದಕ್ಕೂ ಜೀವ ಬರ್ತೈತಿ ನೋಡು."

ನನಗೆ ಆಗ ಸಿಟ್ಟೇ ಬಂದಿತ್ತು. ಆದರೆ ಆಮೇಲೆ ಎರಡು ತಿಂಗಳು ಇಬ್ಬರು ಮೆಕ್ಯಾನಿಕ್‌ಗಳು ಹಿಡಿಯೋಕಾಗದ ವಿಷಯ ಆ ಮಾತಲ್ಲೇ ಇತ್ತು. ಬಿಸಿಯಾದಾಗ ನಿಲ್ಲುತ್ತೆ, ತಣ್ಣಗಾದಾಗ ಹೊರಡುತ್ತೆ.

ಪುಣೆಗೆ ಬಂದು ವರ್ಕ್‌ಶಾಪ್‌ಗೆ ಕೊಟ್ಟೆ. ಅಲ್ಲಿಗೆ ಹೋಗುವಷ್ಟರಲ್ಲಿ ಗಾಡಿ ತಣ್ಣಗೆ, ಚೆನ್ನಾಗಿ ಓಡ್ತಿದೆ. "ಫ್ಯೂಯಲ್ ಪಂಪ್ ವೀಕ್ ಇದೆ" ಅಂದ್ರು, ಬದಲಿಸಿದ್ರು. 9 ಸಾವಿರ ಚಿಲ್ಲರೆ. ಮೂರು ವಾರ ಬಿಟ್ಟು ಹಿಂಜವಡಿಯ ಜಾಮ್‌ನಲ್ಲಿ ಮತ್ತೆ ನಿಂತಿತು. ಎರಡನೇ ಕಡೆ ಇಗ್ನಿಷನ್ ಕಾಯಿಲ್ ಬದಲಿಸಿದ್ರು. ಅದಾದ ಮೇಲೂ ನಿಂತಾಗ, "ಹಾಗಾದ್ರೆ ಇಸಿಎಂ ಹೋಗಿದೆ, 42 ಸಾವಿರ ಆಗುತ್ತೆ" ಅಂದ್ರು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರು ಅಂತಾರಲ್ಲ, ಹಾಗೆ. ಅಲ್ಲಿ ನಾನು ಸಾಕು ಅಂದೆ.

ಅವರನ್ನ ಪೂರ್ತಿ ಬೈಯೋಕೂ ಮನಸ್ಸಿಲ್ಲ. ನಾವೂ ಮಾಡೋದು ಅದೇ ಅಲ್ವಾ? ಕಸ್ಟಮರ್ ಬಗ್ ಹಾಕ್ತಾನೆ, ನಾವು ನೋಡಿದಾಗ ಬರಲ್ಲ, "ನನ್ನ ಮಷೀನ್‌ನಲ್ಲಿ ಓಡ್ತಿದೆ" ಅಂತ ಟಿಕೆಟ್ ಮುಚ್ತೀವಿ. ಇಲ್ಲಾಂದ್ರೆ ಅನುಮಾನ ಬಂದ ಲೈಬ್ರರಿನ ಅಪ್‌ಗ್ರೇಡ್ ಮಾಡಿ ಕೈ ತೊಳ್ಕೋತೀವಿ. ದಿನಕ್ಕೆ ಹದಿನೈದು ಗಾಡಿ ನೋಡೋ ಮೆಕ್ಯಾನಿಕ್‌ಗೆ, ನನ್ನ ಕಾರನ್ನ ಒಂದು ಗಂಟೆ ಜಾಮ್‌ನಲ್ಲಿ ಓಡಿಸಿ, ಅದು ನಿಲ್ಲೋವರೆಗೂ ಕಾಯೋಕೆ ಪುರುಸೊತ್ತು ಎಲ್ಲಿಂದ ಬರಬೇಕು? ಆ ಪುರುಸೊತ್ತು ಇರೋದು ಗಾಡಿಯ ಮಾಲೀಕನಿಗೆ. ಮನೆಯಲ್ಲಿ ಮಾಡೋದರ ನಿಜವಾದ ಲಾಭ ನನ್ನ ಪ್ರಕಾರ ಇಲ್ಲಿದೆ. ಬೋಲ್ಟ್ ಬಿಚ್ಚೋದನ್ನ ಅವರು ನಮಗಿಂತ ಸಾವಿರ ಪಾಲು ಚೆನ್ನಾಗಿ ಮಾಡ್ತಾರೆ.

ಈ ಸೆನ್ಸರ್ ಮಾಡೋದಾದ್ರೂ ಏನು?

ಪೆಟ್ರೋಲ್ ಎಂಜಿನ್‌ನಲ್ಲಿ ಯಾವಾಗ ಪೆಟ್ರೋಲ್ ಚಿಮ್ಮಿಸಬೇಕು, ಯಾವಾಗ ಕಿಡಿ ಹಾರಿಸಬೇಕು ಅನ್ನೋದನ್ನ ಇಸಿಎಂ ತೀರ್ಮಾನ ಮಾಡುತ್ತೆ. ಅದಕ್ಕೆ ಪಿಸ್ಟನ್ ಈಗ ಎಲ್ಲಿದೆ ಅಂತ ಗೊತ್ತಾಗಬೇಕು. ಪಿಸ್ಟನ್ ಕಣ್ಣಿಗೆ ಕಾಣಲ್ಲ. ಹಾಗಾಗಿ ಪಿಸ್ಟನ್‌ಗಳೆಲ್ಲ ಸೇರಿ ತಿರುಗಿಸೋ ಕ್ರ್ಯಾಂಕ್ ಶಾಫ್ಟ್ ಎಷ್ಟು ತಿರುಗಿದೆ ಅಂತ ನೋಡಬೇಕು. ಆ ಶಾಫ್ಟ್ ಜೊತೆಗೇ ತಿರುಗುವ ಒಂದು ಹಲ್ಲಿನ ಚಕ್ರ ಇರುತ್ತೆ. ತುಂಬಾ ಕಾರುಗಳಲ್ಲಿ ಇದು 60 ಹಲ್ಲಿನ ಜಾಗ ಇರೋ ಚಕ್ರ, ಆದರೆ ಎರಡು ಹಲ್ಲು ಬೇಕಂತಲೇ ಬಿಟ್ಟಿರ್ತಾರೆ. ಅಂದ್ರೆ 58 ಹಲ್ಲು. ಒಂದೊಂದು ಹಲ್ಲು 6 ಡಿಗ್ರಿಗೆ ಒಂದು. ಆ ಖಾಲಿ ಜಾಗ ಬಂದಾಗ ಇಸಿಎಂಗೆ "ಇಲ್ಲಿಂದ ಎಣಿಸು" ಅಂತ ಗೊತ್ತಾಗುತ್ತೆ. ಹಲ್ಲು ಉದುರಿದ ಬಾಚಣಿಗೆ ಅನ್ಕೊಳ್ಳಿ, ಬೆರಳು ಎಳೆದ್ರೆ ಎಲ್ಲಿ ಹಲ್ಲಿಲ್ಲ ಅಂತ ಕಣ್ಣುಮುಚ್ಚಿ ಹೇಳಬಹುದು.

ನನಗೆ ಖುಷಿ ಕೊಟ್ಟ ಒಂದು ಲೆಕ್ಕ ಇದೆ. ಐಡಲ್‌ನಲ್ಲಿ 800 ಆರ್‌ಪಿಎಂ ಅಂದ್ರೆ ನಿಮಿಷಕ್ಕೆ 800 ಸುತ್ತು. ಸುತ್ತಿಗೆ 60 ಜಾಗ, ನಿಮಿಷಕ್ಕೆ 60 ಸೆಕೆಂಡು, ಎರಡೂ ವಜಾ ಆಗಿ ಸೆಕೆಂಡಿಗೆ ಸರಿಯಾಗಿ 800 ಜಾಗಗಳು ಸೆನ್ಸರ್ ಮುಂದೆ ಹಾದುಹೋಗುತ್ತೆ. 3000 ಆರ್‌ಪಿಎಂ ಆದ್ರೆ ಸೆಕೆಂಡಿಗೆ 3000. ಟ್ಯಾಕೋಮೀಟರ್ ಮುಳ್ಳು ತೋರಿಸೋ ಸಂಖ್ಯೆ, ಇಸಿಎಂ ಪ್ರತಿ ಸೆಕೆಂಡಿಗೆ ಎಣಿಸೋ ಸಂಖ್ಯೆ, ಎರಡೂ ಒಂದೇ.

ಈ ಎಣಿಕೆ ನಿಂತ್ರೆ? ಎಂಜಿನ್ ತಿರುಗ್ತಾ ಇದ್ರೂ ಇಸಿಎಂ ಪಾಲಿಗೆ ಅದು ನಿಂತ ಹಾಗೆ. ನಿಂತಿರೋ ಎಂಜಿನ್‌ಗೆ ಪೆಟ್ರೋಲ್ ಸುರಿಯೋದು ಅಪಾಯ ಅಂತ ಅದು ಇಂಜೆಕ್ಟರ್, ಕಿಡಿ ಎಲ್ಲ ನಿಲ್ಲಿಸುತ್ತೆ. ಖಂಬಾಟಕಿಯಲ್ಲಿ ಕೆಮ್ಮದೆ, ಜರ್ಕ್ ಇಲ್ಲದೆ ನಿಂತಿದ್ದು ಅದಕ್ಕೇ. ಪೆಟ್ರೋಲ್ ಕಡಿಮೆ ಬಂದ್ರೆ ಸಾಮಾನ್ಯವಾಗಿ ಎಂಜಿನ್ ಎಳೆದಾಡಿ, ಶಕ್ತಿ ಕಳ್ಕೊಂಡು ನಿಲ್ಲುತ್ತೆ. ಈ ವ್ಯತ್ಯಾಸ ಆವತ್ತೇ ಗೊತ್ತಿದ್ದಿದ್ರೆ ಪಂಪಿನ 9 ಸಾವಿರ ಉಳೀತಿತ್ತು. ಕೆಲವು ಕಾರುಗಳಲ್ಲಿ ಕ್ಯಾಮ್ ಸೆನ್ಸರ್ ನೋಡ್ಕೊಂಡು ಹೇಗೋ ಕುಂಟುತ್ತಾ ಓಡೋ ವ್ಯವಸ್ಥೆ ಇರುತ್ತೆ, ನನ್ನದರಲ್ಲಿ ಇರಲಿಲ್ಲ.

ಬಿಸಿಗೂ ಇದಕ್ಕೂ ಏನು ಸಂಬಂಧ? ನನ್ನ ಕಾರಿನದು ಎರಡು ತಂತಿಯ ಹಳೇ ನಮೂನೆ. ಒಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಹಲ್ಲು ಮುಂದೆ ಹಾದಾಗಲೆಲ್ಲ ಕಾಯಿಲ್‌ನಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತೆ, ಅಷ್ಟೇ. ಸೆನ್ಸರ್ ಕೂತಿರೋದು ಎಂಜಿನ್ ಮೈಗೇ ಅಂಟ್ಕೊಂಡು. ವರ್ಷಗಟ್ಟಲೆ ಬಿಸಿ, ತಂಪು, ಬಿಸಿ, ತಂಪು. ಒಂದು ದಿನ ಆ ತಂತಿಯಲ್ಲೋ ಬೆಸುಗೆಯಲ್ಲೋ ಕೂದಲೆಳೆಯ ಬಿರುಕು ಬರುತ್ತೆ. ತಣ್ಣಗಿದ್ದಾಗ ಎರಡೂ ತುದಿ ತಾಗಿಕೊಂಡಿರುತ್ತೆ, ಬಿಸಿಯಾಗಿ ಹಿಗ್ಗಿದಾಗ ಬಿಟ್ಟುಕೊಳ್ಳುತ್ತೆ. ಚಾ ಕುಡಿದು ಬರೋಷ್ಟರಲ್ಲಿ ಮತ್ತೆ ತಾಗುತ್ತೆ.

ಹಿಡಿದದ್ದು ಹೇಗೆ

ಭಾರತದಲ್ಲಿ 2013ರ ಏಪ್ರಿಲ್ ನಂತರ ಬಂದ ಕಾರುಗಳಲ್ಲಿ ಓಬಿಡಿ-2 ಇರುತ್ತೆ. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ರ 16 ಪಿನ್ನಿನ ಸಾಕೆಟ್. ಅದಕ್ಕೆ ಹಾಕೋ ಬ್ಲೂಟೂತ್ ಡಾಂಗಲ್ ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಒಳಗೆ ಸಿಗುತ್ತೆ, ಫೋನಲ್ಲಿ ಒಂದು ಆ್ಯಪ್ ಹಾಕ್ಕೊಂಡ್ರೆ ಆಯ್ತು. ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್‌ಗೆ ಬರೋ ಕೋಡ್ ಪಿ0335. ಸಿಗ್ನಲ್ ಬರ್ತಿದೆ ಆದ್ರೆ ಅಸ್ತವ್ಯಸ್ತ ಅಂದ್ರೆ ಪಿ0336. ಕ್ಯಾಮ್ ಸೆನ್ಸರ್‌ದು ಪಿ0340.

ಹಾಗಾದ್ರೆ ವರ್ಕ್‌ಶಾಪ್‌ನವರು ಸ್ಕ್ಯಾನ್ ಮಾಡಿದಾಗ ಯಾಕೆ ಬರಲಿಲ್ಲ? ಇಲ್ಲಿ ತಪ್ಪು ನನ್ನದೇ. ಘಾಟಿನಲ್ಲಿ ಸಹಾಯಕ್ಕೆ ಬಂದ ಒಬ್ಬ ಪುಣ್ಯಾತ್ಮ "ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿ, ರೀಸೆಟ್ ಆಗುತ್ತೆ" ಅಂದಿದ್ದ. ನಾನು ನಿಂತಾಗಲೆಲ್ಲ ಅದನ್ನೇ ಮಾಡ್ತಿದ್ದೆ. ಬಹಳಷ್ಟು ಗಾಡಿಗಳಲ್ಲಿ ಬ್ಯಾಟರಿ ಬಿಚ್ಚಿದ್ರೆ ಉಳಿಸಿಟ್ಟಿದ್ದ ಕೋಡ್ ಅಳಿಸಿಹೋಗುತ್ತೆ. ಸರ್ವರ್ ಬಿದ್ದಾಗ ಲಾಗ್ ನೋಡದೆ ರೀಸ್ಟಾರ್ಟ್ ಮಾಡಿ, ಆಮೇಲೆ ಲಾಗ್ ಎಲ್ಲಿ ಅಂತ ಹುಡುಕಿದ ಹಾಗೆ. ಆಫೀಸಿನಲ್ಲಿ ಜೂನಿಯರ್ ಯಾರಾದ್ರೂ ಹೀಗೆ ಮಾಡಿದ್ರೆ ಅರ್ಧ ಗಂಟೆ ಪಾಠ ಹೇಳ್ತಿದ್ದೆ!

ಸರಿ, ಡಾಂಗಲ್ ಹಾಕ್ಕೊಂಡು ಕಾದೆ. ನಾಲ್ಕನೇ ದಿನ ಆಫೀಸಿಂದ ಬರುವಾಗ, ನಮ್ಮ ಸೊಸೈಟಿಯ ಗೇಟಿನ ಮುಂದೆಯೇ ನಿಂತಿತು. ಇಷ್ಟು ಅನುಕೂಲದ ಜಾಗದಲ್ಲಿ ಗಾಡಿ ಕೈಕೊಟ್ಟಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಬ್ಯಾಟರಿ ಮುಟ್ಟಲಿಲ್ಲ. ಕೀ ತಿರುಗಿಸಿ ಸ್ಟಾರ್ಟರ್ ಹೊಡೀತಾ ಆ್ಯಪ್ ನೋಡಿದೆ. ಸ್ಟಾರ್ಟರ್ ಎಂಜಿನ್ನನ್ನ ಗರಗರ ತಿರುಗಿಸ್ತಿದೆ, ಆ್ಯಪಿನಲ್ಲಿ ಆರ್‌ಪಿಎಂ ಸೊನ್ನೆ. ಸೆನ್ಸರ್ ಸರಿ ಇದ್ರೆ ಅಲ್ಲಿ 200ರ ಆಸುಪಾಸು ಏನಾದ್ರೂ ಕಾಣಬೇಕಿತ್ತು. ಕೋಡ್ ಓದಿದ್ರೆ ಪಿ0335.

ಇಲ್ಲಿ ಬಹಳ ಜನ ಎಡವೋದು. ಕೋಡ್ ಬಂತು, ಸೆನ್ಸರ್ ಹೆಸರು ಕಾಣ್ತು, ಆರ್ಡರ್ ಮಾಡಿದ್ರು. ಆದರೆ ಕೋಡ್ ಹೇಳ್ತಿರೋದು "ನನಗೆ ಕೇಳಿಸ್ತಿಲ್ಲ" ಅಂತ ಮಾತ್ರ. ಮಾತಾಡೋನ ಗಂಟಲು ಹೋಗಿದೆಯೋ, ನಡುವಿನ ತಂತಿ ಹರಿದಿದೆಯೋ, ಕೇಳೋನ ಕಿವಿ ಹೋಗಿದೆಯೋ, ಅದು ಕೋಡಿಗೆ ಗೊತ್ತಿಲ್ಲ. ಬೇಸ್‌ಮೆಂಟ್ ಪಾರ್ಕಿಂಗ್ ಇರೋರಿಗೆ ಇಲಿ ಕಾಟ ಹೇಳಬೇಕಾಗಿಲ್ಲ ಅಲ್ವಾ? ಇಲಿ ಕಡಿದ ತಂತಿಗೂ ಪಿ0335 ಬರುತ್ತೆ. ಕನೆಕ್ಟರ್ ಒಳಗೆ ನೀರು ಹೋಗಿ ಪಿನ್ ಹಸಿರುಗಟ್ಟಿದ್ರೂ ಬರುತ್ತೆ. ಇಸಿಎಂ ಹೋಗಿದ್ರೂ ಬರುತ್ತೆ. 42 ಸಾವಿರ ಅಂದವರ ಮಾತು ಪೂರ್ತಿ ಅಸಾಧ್ಯ ಏನಲ್ಲ, ಪರೀಕ್ಷೆ ಮಾಡದೆ ಹೇಳಿದ್ದು ತಪ್ಪು.

ಪರೀಕ್ಷೆ ಅಂದ್ರೆ ನಮ್ಮ ಬೈನರಿ ಸರ್ಚ್. ಸರ್ಕ್ಯೂಟನ್ನ ನಡುವೆ ಕತ್ತರಿಸಿ, ಯಾವ ಅರ್ಧದಲ್ಲಿ ತೊಂದರೆ ಅಂತ ನೋಡೋದು. ಸೆನ್ಸರಿನ ಕನೆಕ್ಟರೇ ಆ ನಡು. ವಾಚ್‌ಮನ್ ಕಾಕಾ ಜೊತೆ ಸೇರಿ ಗಾಡಿ ಒಳಗೆ ತಳ್ಳಿ, ಎಂಜಿನ್ ಇನ್ನೂ ಬಿಸಿ ಇರುವಾಗಲೇ ಇಗ್ನಿಷನ್ ಆಫ್ ಮಾಡಿ, ಬಾನೆಟ್ ಎತ್ತಿದೆ. ನನ್ನ ಕಾರಿನಲ್ಲಿ ಏರ್ ಫಿಲ್ಟರ್ ಡಬ್ಬ ತೆಗೆದ್ರೆ ಸೆನ್ಸರ್ ಮೇಲಿಂದಲೇ ಕೈಗೆ ಸಿಗುತ್ತೆ, ಗೇರ್‌ಬಾಕ್ಸ್ ಎಂಜಿನ್ನಿಗೆ ಸೇರೋ ಜಾಗದಲ್ಲಿ. ಕೆಲವದರಲ್ಲಿ ಮುಂದುಗಡೆ ಬೆಲ್ಟ್ ಪುಲ್ಲಿ ಹತ್ರ ಇರುತ್ತೆ. ಬಿಸಿ ಎಂಜಿನ್ ಮುಟ್ಟುವಾಗ ಗ್ಲೌಸ್ ಹಾಕ್ಕೊಳ್ಳಿ. ರೇಡಿಯೇಟರ್ ಫ್ಯಾನ್ ಎಂಜಿನ್ ಆಫ್ ಇದ್ದಾಗಲೂ ತಾನಾಗೇ ತಿರುಗಬಹುದು, ಬೆರಳು ದೂರ ಇರಲಿ.

ಕನೆಕ್ಟರ್ ಬಿಚ್ಚಿ, ಸೆನ್ಸರ್ ಕಡೆಯ ಎರಡು ಪಿನ್ನಿಗೆ ಮಲ್ಟಿಮೀಟರ್ ಇಟ್ಟೆ, ಓಮ್ಸ್‌ನಲ್ಲಿ, 2000ದ ರೇಂಜ್. ಮೀಟರ್ ತೋರಿಸಿದ್ದು ಬರೀ ಎಡಗಡೆಯ 1. ಅಂದ್ರೆ ಓಪನ್, ತಂತಿ ಕಡಿದಿದೆ. ಅಲ್ಲೇ ಸ್ಟೂಲ್ ಹಾಕ್ಕೊಂಡು ಕೂತೆ. 10 ನಿಮಿಷ ಆಯ್ತು, 1. 20 ನಿಮಿಷ ಆಯ್ತು, 1. ಮಗಳು ಬಂದು "ಪಪ್ಪಾ ಏನ್ ಮಾಡ್ತಿದ್ದೀಯ" ಅಂತ ಕೇಳಿ ಉತ್ತರ ಸಿಗದೆ ಹೋದ್ಲು. 25ನೇ ನಿಮಿಷದ ಹೊತ್ತಿಗೆ ಮೀಟರ್ ಮಿಣುಕಿ 990 ತೋರಿಸ್ತು, ಮತ್ತೆ 1, ಮತ್ತೆ 984, ಆಮೇಲೆ ನಿಧಾನಕ್ಕೆ ಇಳೀತಾ ಹೋಯ್ತು. ಕನೆಕ್ಟರ್ ಹಾಕಿ ಕೀ ತಿರುಗಿಸಿದೆ, ಸ್ಟಾರ್ಟ್.

ಎರಡು ತಿಂಗಳ ಆ ಕಾಟ ಒಂದು ಮೀಟರಿನ ಮೇಲೆ ಕಣ್ಣಮುಂದೆ ಬಂದು ಹೋದಾಗ ಆದ ಸಮಾಧಾನ ಹೇಳೋಕಾಗಲ್ಲ. ಅಳತೆ ಮಾಡಿದ್ದು ನೇರ ಸೆನ್ಸರಿನ ಪಿನ್ನಿನಲ್ಲೇ ಆದ್ದರಿಂದ ವೈರಿಂಗ್, ಇಸಿಎಂ ಎರಡೂ ಲೆಕ್ಕದಿಂದ ಹೊರಗೆ. ಗಾಡಿ ತಣ್ಣಗಿದ್ದಾಗ ಇದೇ ಅಳತೆ ಮಾಡಿದ್ರೆ "ಸೆನ್ಸರ್ ಓಕೆ" ಅಂತಲೇ ಬರ್ತಿತ್ತು, ನೆನಪಿಡಿ.

ಒಂದು ಎಚ್ಚರಿಕೆ. ಈ ಓಮ್ಸ್ ಪರೀಕ್ಷೆ ಕಾಯಿಲ್ ಇರೋ ಸೆನ್ಸರಿಗೆ ಮಾತ್ರ. ಈಗಿನ ಬಹಳ ಕಾರುಗಳಲ್ಲಿ ಮೂರು ತಂತಿಯ ಹಾಲ್ ಸೆನ್ಸರ್ ಇರುತ್ತೆ, ಒಳಗೆ ಚಿಪ್. ಅದಕ್ಕೆ ಓಮ್ಸ್ ಇಟ್ರೆ ಸಿಗೋ ಸಂಖ್ಯೆಗೆ ಅರ್ಥ ಇಲ್ಲ, ಚಿಪ್ಪಿಗೂ ಒಳ್ಳೇದಲ್ಲ. ಅದಕ್ಕೆ ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ಗಾಡಿ ಕಡೆಯ ಪಿನ್‌ಗಳಲ್ಲಿ ಸಪ್ಲೈ ಬರ್ತಿದೆಯಾ ಅಂತ ನೋಡ್ಬೇಕು. ಕೆಲವಕ್ಕೆ 5 ವೋಲ್ಟ್, ಕೆಲವಕ್ಕೆ 12. ಸಪ್ಲೈ ಮತ್ತು ಅರ್ತ್ ಸರಿ ಇದ್ದೂ ಸಿಗ್ನಲ್ ಬರಲ್ಲ ಅಂದ್ರೆ ಆಗ ಸೆನ್ಸರ್ ಮೇಲೆ ಅನುಮಾನ. ಮೂರು ತಂತಿ ಇದ್ದದ್ದೆಲ್ಲ ಹಾಲ್ ಅಂತಲೂ ಅಲ್ಲ, ಕೆಲವು ಕಾಯಿಲ್ ಸೆನ್ಸರ್‌ಗಳಲ್ಲಿ ಮೂರನೇದು ಶೀಲ್ಡ್ ತಂತಿ. ನಿಮ್ಮ ಗಾಡಿಯ ವೈರಿಂಗ್ ಡಯಾಗ್ರಾಮ್ ನೋಡದೆ ಕೈ ಹಾಕ್ಬೇಡಿ. ಮೀಟರಿನ ಮೊನೆ ಪಿನ್ ಒಳಗೆ ತುರುಕಿ ಅಗಲ ಮಾಡ್ಬೇಡಿ, ಆಮೇಲೆ ಇರೋ ತೊಂದರೆ ಜೊತೆ ಲೂಸ್ ಕನೆಕ್ಷನ್ ಒಂದು ಹೊಸದಾಗಿ ಸೇರುತ್ತೆ.

ಬದಲಿಸಿದ್ದು

ಈ ಭಾಗ ವಿಡಿಯೋದಲ್ಲಿ ನಾಲ್ಕು ನಿಮಿಷ ಇದೆ, ನಿಜವಾಗಿ ಆಗಿದ್ದು 40 ನಿಮಿಷ, ಅದರಲ್ಲಿ 25 ನಿಮಿಷ ಏರ್ ಫಿಲ್ಟರ್ ಡಬ್ಬದ ಒಂದು ಕ್ಲಿಪ್ ಎಲ್ಲಿ ಬಿತ್ತು ಅಂತ ಹುಡುಕಿದ್ದು.

ಮೊದಲು ಪಾರ್ಟ್. ಸೆನ್ಸರಿನ ಮೈ ಮೇಲೆ ಪಾರ್ಟ್ ನಂಬರ್ ಅಚ್ಚಾಗಿರುತ್ತೆ, ಅದರ ಫೋಟೋ ತಗೊಳ್ಳಿ. ಕಾರಿನ ಹೆಸರು, ವರ್ಷ ಹೇಳಿದ್ರೆ ಸಾಲದು, ಒಂದೇ ಮಾಡೆಲ್‌ನಲ್ಲಿ ಎಂಜಿನ್ ಪ್ರಕಾರ ಸೆನ್ಸರ್ ಬೇರೆ ಇರುತ್ತೆ. ನಾನು ನಾನಾ ಪೇಠಿಗೆ ಹೋಗಿ ತಂದೆ. ಡೆಲ್ಲಿಯವರಿಗೆ ಕಾಶ್ಮೀರಿ ಗೇಟ್, ಚೆನ್ನೈಯವರಿಗೆ ಪುದುಪೇಟೆ, ಊರಿಗೆ ಹೋದಾಗ ಬೆಂಗಳೂರಿನ ಜೆ.ಸಿ. ರೋಡ್ ಇದ್ದೇ ಇದೆ. ಅಂಗಡಿಯವನು ಮೊದಲು 350 ರೂಪಾಯಿಯ ಲೋಕಲ್ ತೋರಿಸಿದ, ನಾನು 1,150ರ ಕಂಪನಿ ಪಾರ್ಟ್ ತಗೊಂಡೆ. ಸೀಟ್ ಕವರ್ ಆದ್ರೆ ಅಗ್ಗದ್ದು ತಗೊಳ್ಳಿ, ನನ್ನದೇನೂ ತಕರಾರಿಲ್ಲ. ಘಾಟಿನಲ್ಲಿ ಎಂಜಿನ್ ನಿಲ್ಲಿಸೋ ವಸ್ತುವಿನಲ್ಲಿ 800 ರೂಪಾಯಿ ಉಳಿಸಬೇಡಿ. ಅಂಗಡಿಯಲ್ಲೇ ಮಲ್ಟಿಮೀಟರ್ ತೆಗೆದು ಹೊಸದನ್ನ ಅಳೆದೆ, 868 ಓಮ್. ಅಂಗಡಿಯವನು ನನ್ನನ್ನ ವಿಚಿತ್ರ ಪ್ರಾಣಿಯ ಹಾಗೆ ನೋಡಿದ, ನೋಡಲಿ.

ಭಾನುವಾರ ಬೆಳಿಗ್ಗೆ, ಎಂಜಿನ್ ರಾತ್ರಿಯೆಲ್ಲ ತಣ್ಣಗಾದ ಮೇಲೆ ಶುರು ಮಾಡಿದೆ. ಸೊಸೈಟಿ ಸೆಕ್ರೆಟರಿ ಬಂದು ಇದು ಗ್ಯಾರೇಜ್ ಅಲ್ಲ ಅಂದ್ರು, ನೆಲಕ್ಕೆ ಪೇಪರ್ ಹಾಸಿದ್ದು ತೋರಿಸಿದ ಮೇಲೆ ಹೋದ್ರು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಪಕ್ಕಕ್ಕೆ ಸರಿಸಿದೆ. ಈ ಸಲ ಬಿಚ್ಚಬಹುದು, ಕೋಡ್ ಬರೆದಿಟ್ಕೊಂಡಿದ್ದೆ. ಏರ್ ಫಿಲ್ಟರ್ ಡಬ್ಬ ತೆಗೆದೆ. ತೆಗೆದ ಮೇಲೆ ಬಾಯಿ ತೆರೆದಿರೋ ಗಾಳಿ ಪೈಪಿಗೆ ಒಂದು ಬಟ್ಟೆ ತುರುಕಿ. ಅಲ್ಲಿ ಒಂದು ನಟ್ ಬಿದ್ರೆ ಇಡೀ ಎಂಜಿನ್ನಿಗೆ ಸಂಕಟ.

ಕನೆಕ್ಟರಿಗೆ ಒಂದು ಲಾಕ್ ಇರುತ್ತೆ, ಅದನ್ನ ಒತ್ತಿ ಹಿಡಿದು ಕನೆಕ್ಟರಿನ ಮೈ ಹಿಡಿದು ಎಳೀಬೇಕು. ತಂತಿ ಹಿಡಿದು ಎಳೀಬಾರದು. ಎಂಟು ವರ್ಷದ ಪ್ಲಾಸ್ಟಿಕ್ ಹಪ್ಪಳದ ಹಾಗಿರುತ್ತೆ, ನಿಧಾನ. ಸೆನ್ಸರನ್ನ ಹಿಡಿದಿರೋದು ಒಂದೇ ಬೋಲ್ಟ್, 10 ನಂಬರ್ ಪಾನ ಸಾಕು. ಬೋಲ್ಟ್ ಬಂತು, ಸೆನ್ಸರ್ ಬರಲಿಲ್ಲ. ಬರೋದೂ ಇಲ್ಲ, ಕೊಳೆ, ತುಕ್ಕು ಸೇರಿ ಕಚ್ಕೊಂಡಿರುತ್ತೆ. ಸ್ಕ್ರೂಡ್ರೈವರ್ ಇಟ್ಟು ಮೀಟೋಕೆ ಕೈ ತುರಿಸುತ್ತೆ, ದಯವಿಟ್ಟು ಬೇಡ. ತಲೆ ಮುರಿದು ಮೂತಿ ಒಳಗೇ ಉಳಿದ್ರೆ ಆಮೇಲೆ ವರ್ಕ್‌ಶಾಪೇ ಗತಿ, ಗೇರ್‌ಬಾಕ್ಸ್ ಇಳಿಸೋವರೆಗೂ ಹೋಗಬಹುದು. ಡಬ್ಲ್ಯುಡಿ-40 ಸಿಂಪಡಿಸಿ 10 ನಿಮಿಷ ಬಿಟ್ಟು, ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಚಿದೆ. ಅಲುಗಾಡಿದ ಮೇಲೆ ತಿರುಚುತ್ತಲೇ ಮೇಲಕ್ಕೆ ಎಳೆದೆ, ಬಂತು. ಮೂತಿಯ ಅಯಸ್ಕಾಂತಕ್ಕೆ ಕಬ್ಬಿಣದ ಸಣ್ಣ ಪುಡಿ ಅಂಟಿತ್ತು. ಕೆಲವೊಮ್ಮೆ ಇದೇ ಜಾಸ್ತಿಯಾಗಿ ಸಿಗ್ನಲ್ ಕೆಡುತ್ತೆ, ಒರೆಸಿ ಹಾಕಿದ್ರೇ ಸರಿಹೋಗೋದೂ ಉಂಟು.

ಸೆನ್ಸರ್ ಕೂರೋ ಜಾಗ ಬಟ್ಟೆಯಿಂದ ಒರೆಸಿ, ಪುಡಿ ಒಳಗೆ ಬೀಳದ ಹಾಗೆ ನೋಡ್ಕೊಳ್ಳಿ. ಹೊಸದರ ಓ-ರಿಂಗಿಗೆ ಒಂದು ತೊಟ್ಟು ಎಂಜಿನ್ ಆಯಿಲ್ ಸವರಿ ಕೈಯಲ್ಲೇ ಒತ್ತಿ ಕೂರಿಸ್ಬೇಕು. ಪೂರ್ತಿ ಕೂತ ಮೇಲೆ ಬೋಲ್ಟ್. ಬೋಲ್ಟ್ ಬಿಗಿದು ಸೆನ್ಸರನ್ನ ಒಳಗೆ ಎಳೆಯೋ ಸಾಹಸ ಬೇಡ, ಕಿವಿ ಮುರಿಯುತ್ತೆ. ಈ ಸಣ್ಣ ಬೋಲ್ಟಿಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್ ಸಾಕು, ಅಂದ್ರೆ ಸಣ್ಣ ಪಾನದಲ್ಲಿ ಮಣಿಕಟ್ಟಿನ ಬಲದಷ್ಟು. ಮೂತಿಗೂ ಹಲ್ಲಿಗೂ ನಡುವೆ ಸುಮಾರು ಒಂದು ಮಿಲಿಮೀಟರ್ ಜಾಗ ಇರುತ್ತೆ. ಸೆನ್ಸರ್ ಓರೆಯಾಗಿ ಕೂತ್ರೆ ಆ ಜಾಗ ತಪ್ಪಿ, ಹೊಸ ಸೆನ್ಸರೂ ಹಳೇದರ ಹಾಗೇ ಆಡುತ್ತೆ.

ನಿಮ್ಮ ಗಾಡಿಯಲ್ಲಿ ಸೆನ್ಸರ್ ಕೆಳಗಿನಿಂದ ಮಾತ್ರ ಸಿಗುತ್ತೆ ಅಂದ್ರೆ, ಡಿಕ್ಕಿಯಲ್ಲಿರೋ ಜಾಕ್ ಮೇಲೆ ಗಾಡಿ ನಿಲ್ಲಿಸಿ ಅದರಡಿ ನುಗ್ಗಬೇಡಿ. ಆ ಜಾಕ್ ಇರೋದು ಟೈರ್ ಬದಲಿಸೋಕೆ. ಜಾಕ್ ಸ್ಟ್ಯಾಂಡ್ ಇಲ್ಲದಿದ್ರೆ ಬದಲಿಸೋ ಕೆಲಸವನ್ನ ಮೆಕ್ಯಾನಿಕ್‌ಗೆ ಕೊಡಿ. ಏನು ಹೋಗಿದೆ ಅಂತ ಅಳೆದು ಗೊತ್ತಾದ ಮೇಲೆ ಅವರಿಗೆ ಕೊಟ್ರೆ ಕೂಲಿ ಕೆಲವೇ ನೂರು ರೂಪಾಯಿ. ನಾಚಿಕೆ ಏನಿಲ್ಲ. ವಾರಂಟಿ ಇನ್ನೂ ಇರೋ ಗಾಡಿಯಾದ್ರೆ ಏನೂ ಬಿಚ್ಚಬೇಡಿ, ಕೋಡಿನ ಸ್ಕ್ರೀನ್‌ಶಾಟ್ ತಗೊಂಡು ಹೋಗಿ. ಹಳದಿ ಬಣ್ಣದ ಕನೆಕ್ಟರ್ ಕಂಡ್ರೆ ಅದು ಏರ್‌ಬ್ಯಾಗಿನದು ಅನ್ಕೊಳ್ಳಿ, ಯಾವ ಕಾರಣಕ್ಕೂ ಕೈ ಹಾಕಬೇಡಿ.

ಹಳೇ ಸೆನ್ಸರನ್ನ ಅಡುಗೆಮನೆಗೆ ತಂದು, ಹೆಂಡತಿಯ ಹೇರ್ ಡ್ರೈಯರ್ ಕೇಳಿ ತಗೊಂಡು, ಮೀಟರ್ ಸಿಕ್ಕಿಸಿ ಬಿಸಿ ಮಾಡಿದೆ. ಶುರುವಿಗೆ 860. ಬಿಸಿಯಾದ ಹಾಗೆ 900, 950, 1000 ಹೀಗೆ ಏರ್ತಾ ಹೋಯ್ತು. ಇದು ಸಹಜ, ತಾಮ್ರ ಬಿಸಿಯಾದ್ರೆ ರೆಸಿಸ್ಟೆನ್ಸ್ ಡಿಗ್ರಿಗೆ ಸುಮಾರು 0.4 ಪರ್ಸೆಂಟ್ ಏರುತ್ತೆ. 1000 ದಾಟಿ ಸ್ವಲ್ಪ ಹೊತ್ತಿಗೆ ಸಟಕ್ ಅಂತ 1. ಫ್ಯಾನ್ ಕೆಳಗೆ ಇಟ್ಟೆ, ವಾಪಸ್ ಬಂತು. ಹೊಸದನ್ನ ಹಾಕೋ ಮೊದಲು ಅದಕ್ಕೂ ಇದೇ ಬಿಸಿ ಕೊಟ್ಟು ನೋಡಿದ್ದೆ, ಅದು ನಿಧಾನಕ್ಕೆ ಏರಿ ಅಲ್ಲೇ ನಿಂತಿತ್ತು. ವಿಡಿಯೋದಲ್ಲಿ ಎಲ್ಲರಿಗೂ ಇಷ್ಟವಾದ ಶಾಟ್ ಇದೇ ಅಂತೆ.

ಹಾಕಿದ ಮೇಲೆ ಬ್ಯಾಟರಿ ಸೇರಿಸಿ, ಕೋಡ್ ಅಳಿಸಿ, ಎ.ಸಿ. ಆಫ್ ಮಾಡಿ 15 ನಿಮಿಷ ಐಡಲ್‌ನಲ್ಲಿ ಬಿಟ್ಟೆ. ಬ್ಯಾಟರಿ ಬಿಚ್ಚಿದ್ದಕ್ಕೆ ಮೊದಲ ಒಂದೆರಡು ದಿನ ಐಡಲ್ ಸ್ವಲ್ಪ ಏರಿಳಿತ ಆಗಬಹುದು, ಇಸಿಎಂ ತಾನೇ ಕಲೀತದೆ. ಕೆಲವು ಗಾಡಿಗಳಿಗೆ ಮಾತ್ರ ಹೊಸ ಕ್ರ್ಯಾಂಕ್ ಸೆನ್ಸರ್ ಹಾಕಿದ್ರೆ ಸ್ಕ್ಯಾನರ್ ಇಟ್ಟು ರೀಲರ್ನ್ ಮಾಡಿಸ್ಬೇಕು, ಸರ್ವಿಸ್ ಮ್ಯಾನುಯಲ್‌ನಲ್ಲಿ ನೋಡ್ಕೊಳ್ಳಿ.

ಒಂದು ಪ್ರಶ್ನೆ ಪ್ರತಿ ಸಲ ಬರೋದ್ರಿಂದ ಇಲ್ಲೇ ಹೇಳ್ತೀನಿ: "ಪಿ0171 ಬಂದಿದೆ, ಆಕ್ಸಿಜನ್ ಸೆನ್ಸರ್ ಬದಲಿಸಲಾ?" ಬೇಡ. ಪಿ0171 ಅಂದ್ರೆ ಮಿಶ್ರಣದಲ್ಲಿ ಪೆಟ್ರೋಲಿಗೆ ಬೇಕಾದ್ದಕ್ಕಿಂತ ಗಾಳಿ ಜಾಸ್ತಿ ಅಂತ. ಆ ಸೆನ್ಸರ್ ನಿಮಗೆ ನಿಜವನ್ನೇ ಹೇಳ್ತಿರಬಹುದು. ಮೊದಲು ಗಾಳಿ ಪೈಪು, ವ್ಯಾಕ್ಯೂಮ್ ಹೋಸ್ ಎಲ್ಲಾದ್ರೂ ಸೀಳಿದೆಯಾ ನೋಡಿ. ದೂರು ತಂದವನನ್ನೇ ಕೆಲಸದಿಂದ ತೆಗೆದ್ರೆ ದೂರು ಹೋಗಲ್ಲ.

ಸೆನ್ಸರ್ ಹಾಕಿದ ಮುಂದಿನ ಶನಿವಾರ ಒಬ್ಬನೇ ಖಂಬಾಟಕಿ ಘಾಟ್ ಹತ್ತಿದೆ. ಎ.ಸಿ. ಫುಲ್, ಎರಡನೇ ಗೇರು, ಡಾಂಗಲ್ ಹಾಕ್ಕೊಂಡು. ಮೇಲೆ ಹೋಗಿ ಸುರಕ್ಷಿತ ಜಾಗದಲ್ಲಿ ಸೈಡಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡದೆ 20 ನಿಮಿಷ ಕಾದೆ. ಆರ್‌ಪಿಎಂ 800ರ ಹತ್ರ ಅಲುಗದೆ ನಿಂತಿತ್ತು, ಪೆಂಡಿಂಗ್ ಕೋಡ್ ಒಂದೂ ಇಲ್ಲ. ಸಂಕ್ರಾಂತಿಗೆ ಅವ್ವನ್ನ ಕರ್ಕೊಂಡು ಬರೋಕೆ ಧಾರವಾಡಕ್ಕೆ ಹೋಗಿ ಬಂದ್ವಿ, ಹೋಗ್ತಾ ಬರ್ತಾ ಸೇರಿ 850 ಕಿಲೋಮೀಟರಿನ ಹತ್ರ. ವಾಪಸ್ ಬರುವಾಗ ಸಂಕೇಶ್ವರದಲ್ಲಿ ಚಾಕ್ಕೆ ನಿಲ್ಲಿಸಿದ್ವಿ. ಗಾಡಿ ಮತ್ತೆ ನಿಂತು ಅಂತಲೇ ಅವ್ವ ಅನ್ಕೊಂಡಿದ್ಲು, ನಂಬಿಸೋಕೆ ಸ್ವಲ್ಪ ಹೊತ್ತು ಹಿಡೀತು.

ಮುಂದಿನ ವಿಡಿಯೋ ಕೂಲಂಟ್ ಟೆಂಪರೇಚರ್ ಸೆನ್ಸರ್ ಬಗ್ಗೆ. ಅದಕ್ಕೆ ಬೇಕಾಗಿರೋದು ಮಲ್ಟಿಮೀಟರ್, ಅಡುಗೆಮನೆಯ ಥರ್ಮಾಮೀಟರ್ ಮತ್ತು ಒಂದು ಪಾತ್ರೆ ಕುದಿಯೋ ನೀರು. ಪಾತ್ರೆ ಹಳೇದಿರಲಿ, ಮನೆಯವರನ್ನ ಕೇಳಿಯೇ ತಗೊಳ್ಳಿ.